ಚಾರ್ಟ್ ಸಾಫ್ಟ್‌ವೇರ್‌ಗೆ ನಿಮ್ಮ ಬೇಡಿಕೆ ಏನು? ನೀವು ಬಳಸುವ ಉಪಾಯಗಳನ್ನೂ ಹೇಳಿ

ಗೆರೆಗಾರ

ಎಲ್ಲರಿಗೂ ನಮಸ್ಕಾರ. ನಾನು ದಿನಾ ಬಳಸುವ ಶೇರು ಬೆಲೆಯ ಚಾರ್ಟ್ ಸಾಫ್ಟ್‌ವೇರ್‌ನವರು ಮುಂದಿನ ಆವೃತ್ತಿಗೆ ಏನೇನು ಬೇಕು ಅಂತ ಕೇಳಿದ್ದಾರೆ. ಒಬ್ಬನೇ ಕೂತು ಪಟ್ಟಿ ಮಾಡುವ ಬದಲು ನಿಮ್ಮೆಲ್ಲರ ಮಾತು ಸೇರಿಸಿ ಕಳಿಸೋಣ ಅನ್ನಿಸಿತು. ನೀವು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೂ ಪರವಾಗಿಲ್ಲ. ತೊಂದರೆಗಳು ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ.

ನನ್ನ ಬೇಡಿಕೆ ಮೊದಲು ಹೇಳಿಬಿಡುತ್ತೇನೆ. ಒಂದು ಶೇರಿನ ವಾರದ ಚಾರ್ಟ್‌ನಲ್ಲಿ ಮೂರು ವರ್ಷದಿಂದ ಗೆರೆ ಎಳೆದು ಇಟ್ಟುಕೊಂಡಿದ್ದೆ. ಎಲ್ಲಿ ಬೆಲೆ ನಿಂತಿತು, ಎಲ್ಲಿ ತಿರುಗಿತು, ಪ್ರತಿ ಗೆರೆಯ ಪಕ್ಕ ಒಂದು ಸಾಲು ಟಿಪ್ಪಣಿ. ಒಂದು ದಿನ ಬೆಳಿಗ್ಗೆ ತೆರೆದು ನೋಡಿದರೆ ಬೆಲೆ ತೋರಿಸುವ ಕಡ್ಡಿಗಳು, ಅಂದರೆ ಕ್ಯಾಂಡಲ್‌ಗಳೆಲ್ಲ ಪರದೆಯ ತಳದಲ್ಲಿ, ನನ್ನ ಗೆರೆಗಳೆಲ್ಲ ಮೇಲೆ ಬರೀ ಗಾಳಿಯಲ್ಲಿ. ಎದೆ ಧಸಕ್ ಅಂದಿತು. ಬೆಲೆ ಬಿದ್ದಿರಲಿಲ್ಲ, ಸ್ಪ್ಲಿಟ್ ಆಗಿತ್ತು ಅಷ್ಟೇ, ಅಂದರೆ ಕಂಪನಿ ಒಂದು ಶೇರನ್ನು ಹಲವು ಶೇರುಗಳಾಗಿ ಒಡೆದಿತ್ತು. ಹಳೆಯ ಬೆಲೆಗಳನ್ನೆಲ್ಲ ಸಾಫ್ಟ್‌ವೇರ್ ಭಾಗಿಸಿತ್ತು, ಗೆರೆಗಳನ್ನು ಮಾತ್ರ ಮುಟ್ಟಿರಲಿಲ್ಲ.

ಇದು ಎಷ್ಟು ದೊಡ್ಡದಾಗಬಹುದು ನೋಡಿ. ಆಪಲ್ ಶೇರು 2014ರ ಜೂನ್‌ನಲ್ಲಿ 1ಕ್ಕೆ 7 ಆಯಿತು, 2020ರ ಆಗಸ್ಟ್ 31ರಂದು 1ಕ್ಕೆ 4 ಆಯಿತು. ಎರಡೂ ಸೇರಿ 28 ಪಟ್ಟು. 2014ರ ಮೊದಲು 560 ಡಾಲರಿನಲ್ಲಿ ಎಳೆದ ಗೆರೆ ಈಗ 20 ಡಾಲರಿನಲ್ಲಿ ಇರಬೇಕು. ಕೈಯಲ್ಲಿ ಒಂದೊಂದೇ ಸರಿಸುತ್ತಾ ಹೋದರೆ ಒಂದು ಭಾನುವಾರ ಪೂರ್ತಿ ಅದಕ್ಕೇ ಸರಿಹೋಗುತ್ತದೆ.

ನಾನು ಕೇಳುವುದು ಇಷ್ಟೇ. ಬೆಲೆ ಭಾಗಿಸಿದರೆ ಗೆರೆಯನ್ನೂ ಭಾಗಿಸಿ.

ಐದು ನಿಮಿಷ

ಸರ್, ಒಪ್ಪುತ್ತೇನೆ, ಆದರೆ ಒಂದು ಮಾತು. ನನ್ನನ್ನು ಕೇಳದೆ ನನ್ನ ಗೆರೆಯನ್ನು ಯಾರೂ ಮುಟ್ಟಬಾರದು. ಕೆಲವು ಗೆರೆಗಳನ್ನು ಸ್ಪ್ಲಿಟ್ ಆದ ಮೇಲಿನ ಬೆಲೆ ಲೆಕ್ಕ ಹಾಕಿ ಮುಂಚೆಯೇ ಎಳೆದಿರುತ್ತೇನೆ. ಅವನ್ನೂ ನಾಲ್ಕರಿಂದ ಭಾಗಿಸಿಬಿಟ್ಟರೆ? "ಸ್ಪ್ಲಿಟ್ ಆಗಿದೆ, ಈ 14 ಗೆರೆ ಸರಿಸಲೇ?" ಅಂತ ಕೇಳಲಿ. ನಾನು ಬೇಕಾದ್ದನ್ನು ಆರಿಸಿಕೊಳ್ಳುತ್ತೇನೆ.

ಗೆರೆಗಾರ

ಇದು ನನ್ನದಕ್ಕಿಂತ ಒಳ್ಳೆಯ ಮಾತು. ಹಾಗೇ ಬರೆಯುತ್ತೇನೆ.

ಹೊಸ ಮೊಗ್ಗು

ನಾನು ಕಲಿಯಲು ಶುರುಮಾಡಿ ಐದು ತಿಂಗಳಾಯಿತು. ಬೇಡಿಕೆ ಅನ್ನುವುದಕ್ಕಿಂತ ಪ್ರಶ್ನೆ. ಒಂದೇ ಶೇರು, ಒಂದೇ ದಿನ, ಎರಡು ಸಾಫ್ಟ್‌ವೇರ್. ಎರಡರಲ್ಲೂ ಆರ್‌ಎಸ್‌ಐ 14 (ಬೆಲೆಯ ಏರಿಳಿತದ ಬಲ ಅಳೆಯುವ ಅಂಕಿ, 14 ದಿನದ್ದು) ಅಂತಲೇ ಇದೆ. ಒಂದು 61 ತೋರಿಸುತ್ತದೆ, ಇನ್ನೊಂದು 66. ದಿನದ ಕೊನೆಯ ಬೆಲೆ ಎರಡರಲ್ಲೂ ಒಂದೇ, ಪೈಸೆಯಷ್ಟೂ ವ್ಯತ್ಯಾಸ ಇಲ್ಲ. ಯಾವುದನ್ನು ನಂಬಬೇಕು?

ಕೋಡ್‌ಮನೆ

ಒಳ್ಳೆಯ ಪ್ರಶ್ನೆ ಕೇಳಿದಿರಿ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಆರ್‌ಎಸ್‌ಐಯನ್ನು ವೆಲ್ಸ್ ವೈಲ್ಡರ್ ಅವರು 1978ರಲ್ಲಿ ಪರಿಚಯಿಸಿದರು. ಏರಿದ ದಿನಗಳ ಏರಿಕೆಗೆ ಒಂದು ಸರಾಸರಿ, ಇಳಿದ ದಿನಗಳ ಇಳಿಕೆಗೆ ಒಂದು ಸರಾಸರಿ, ಎರಡನ್ನೂ ಹೋಲಿಸುವುದು. ಗಂಟು ಇರುವುದು ಆ ಸರಾಸರಿಯಲ್ಲೇ. ವೈಲ್ಡರ್ ವಿಧಾನದಲ್ಲಿ ನಿನ್ನೆಯ ಸರಾಸರಿಯನ್ನು 13ರಿಂದ ಗುಣಿಸಿ, ಇವತ್ತಿನದನ್ನು ಕೂಡಿಸಿ, 14ರಿಂದ ಭಾಗಿಸಬೇಕು. ಅಂದರೆ ಇವತ್ತಿನ ದಿನಕ್ಕೆ 14ರಲ್ಲಿ 1 ಪಾಲು ತೂಕ. ಮಾಮೂಲಿ ಇಎಂಎ 14 (ಹೊಸ ದಿನಗಳಿಗೆ ಹೆಚ್ಚು ತೂಕ ಕೊಡುವ ಸರಾಸರಿ) ಹಾಕಿದರೆ ಇವತ್ತಿಗೆ 15ರಲ್ಲಿ 2 ಪಾಲು. ಹೆಚ್ಚು ಕಡಿಮೆ ಎರಡು ಪಟ್ಟು! ಹಾಗಾಗಿ ಅದು ಬೇಗ ಏರುತ್ತದೆ, ಬೇಗ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ ವೈಲ್ಡರ್ ಅವರ 14 ಅಂದರೆ ಮಾಮೂಲಿ ಇಎಂಎಯ 27ಕ್ಕೆ ಸಮ. ಮೂರನೆಯ ವಿಧವೂ ಇದೆ, ಸಾದಾ ಸರಾಸರಿ ಹಾಕುವುದು. ಮೂರಕ್ಕೂ ಮೇಲೆ ಬರೆದಿರುವ ಹೆಸರು ಮಾತ್ರ ಒಂದೇ, ಆರ್‌ಎಸ್‌ಐ 14.

ಎರಡನೆಯ ಕಾರಣ, ಲೆಕ್ಕ ಎಲ್ಲಿಂದ ಶುರುವಾಯಿತು ಅನ್ನುವುದು. ವೈಲ್ಡರ್ ಸರಾಸರಿ ಹಳೆಯದನ್ನು ಪೂರ್ತಿ ಮರೆಯುವುದಿಲ್ಲ. ಶುರುವಿನಲ್ಲಿ ಹಾಕಿದ ಮೊದಲ ಸರಾಸರಿಗೆ 30 ದಿನ ಕಳೆದರೂ ಸುಮಾರು ಶೇಕಡಾ 11ರಷ್ಟು ತೂಕ ಉಳಿದಿರುತ್ತದೆ. 100 ದಿನ ಆದ ಮೇಲೆ ಅದು ಶೇಕಡಾ 0.1ಕ್ಕಿಂತ ಕಡಿಮೆ. ಒಂದು ಸಾಫ್ಟ್‌ವೇರ್ ಎರಡು ತಿಂಗಳ ಡೇಟಾ ಮಾತ್ರ ತಂದು ಲೆಕ್ಕ ಹಾಕಿ, ಇನ್ನೊಂದು ಹತ್ತು ವರ್ಷದ್ದು ತಂದರೆ ಅಂಕಿ ಬೇರೆ ಬಂದೇ ಬರುತ್ತದೆ.

ನಿಮಗೆ ಉಪಾಯ: ಎರಡರಲ್ಲೂ ಚಾರ್ಟನ್ನು ಹಿಂದಕ್ಕೆ ಎಳೆದು ಒಂದು ವರ್ಷದ ಡೇಟಾ ಬರುವ ಹಾಗೆ ಮಾಡಿ. ಆಮೇಲೂ ಅಂಕಿ ಬೇರೆ ಇದ್ದರೆ ಸರಾಸರಿಯ ವಿಧ ಬೇರೆ ಅಂತ ಅರ್ಥ. ಸೆಟ್ಟಿಂಗ್‌ನಲ್ಲಿ ಸ್ಮೂತಿಂಗ್ ಅಂತ ಇರುತ್ತದೆ, ಅದನ್ನು ನೋಡಿ.

ಬೆಲೆಯ ಸರಾಸರಿಯ ಮೇಲೂ ಕೆಳಗೂ ಎಳೆಯುವ ಬಾಲಿಂಜರ್ ಬ್ಯಾಂಡ್‌ನಲ್ಲೂ ಇದೇ ಕಥೆ. 20 ದಿನಗಳಲ್ಲಿ ಬೆಲೆ ಸರಾಸರಿಯಿಂದ ಎಷ್ಟು ದೂರ ಇತ್ತು ಅನ್ನುವುದರ ವರ್ಗಗಳನ್ನು ಕೂಡಿ, ವರ್ಗಮೂಲ ತೆಗೆಯುವ ಮೊದಲು 20ರಿಂದ ಭಾಗಿಸುವವರೂ ಇದ್ದಾರೆ, 19ರಿಂದ ಭಾಗಿಸುವವರೂ ಇದ್ದಾರೆ. ಬ್ಯಾಂಡಿನ ಅಗಲದಲ್ಲಿ ಸುಮಾರು ಶೇಕಡಾ 2.6 ಫರಕು. ಬೆಲೆ ಬ್ಯಾಂಡ್ ಮುಟ್ಟಿತೋ ಇಲ್ಲವೋ ಅಂತ ನೋಡುವವರಿಗೆ ಅದು ಸಣ್ಣದಲ್ಲ.

ಹಾಗಾಗಿ ನನ್ನ ಬೇಡಿಕೆ ಒಂದೇ, ಅದನ್ನು ಎಲ್ಲಕ್ಕಿಂತ ಮೇಲೆ ಹಾಕಿ ಅಂತ ಕೇಳಿಕೊಳ್ಳುತ್ತೇನೆ. ಆರ್‌ಎಸ್‌ಐನಂಥ ಇಂಡಿಕೇಟರ್ ಇನ್ನೂ ನೂರು ಬೇಡ. ಇರುವ ಇಂಡಿಕೇಟರ್‌ನ ಹೆಸರಿನ ಮೇಲೆ ಒತ್ತಿದರೆ ಅದರ ಸೂತ್ರ ಕಾಣಲಿ. ಎಷ್ಟು ಕ್ಯಾಂಡಲ್ ತೆಗೆದುಕೊಂಡಿದೆ, ಯಾವ ಬೆಲೆ ತೆಗೆದುಕೊಂಡಿದೆ, ಡಿವಿಡೆಂಡ್ (ಕಂಪನಿ ಶೇರುದಾರರಿಗೆ ಹಂಚುವ ಲಾಭ) ಕಳೆದಿದೆಯೋ ಇಲ್ಲವೋ, ಎಲ್ಲ ಅಲ್ಲೇ ತಿಳಿಯಲಿ. ನಾವು ದುಡ್ಡು ಹಾಕುವುದು ಆ ಅಂಕಿಯನ್ನು ನಂಬಿ, ಅಲ್ವಾ?

ಹೊಸ ಮೊಗ್ಗು

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತುಂಬ ಧನ್ಯವಾದ. ಸಂಜೆ ನೋಡಿ ತಿಳಿಸುತ್ತೇನೆ.

ವಾರದ ಚಾರ್ಟ್

ಕೋಡ್‌ಮನೆಯವರ ಮಾತಿಗೆ ನನ್ನದೂ ಒಂದು ಸಹಿ.

ನಾನು ಲಾಗ್ ಸ್ಕೇಲ್ ಬಗ್ಗೆ ಹೇಳಬೇಕು, ಅಂದರೆ ಸಮ ಶೇಕಡಾ ಏರಿಳಿತ ಸಮ ಎತ್ತರದಲ್ಲಿ ಕಾಣುವ ಸ್ಕೇಲ್. ದೀರ್ಘ ಕಾಲದ ಚಾರ್ಟ್ ನೋಡುವವರು ದಯವಿಟ್ಟು ಒಂದು ಪ್ರಯೋಗ ಮಾಡಿ. ಡೌ ಜೋನ್ಸ್ ಸೂಚ್ಯಂಕದ ಚಾರ್ಟನ್ನು 1980ರಿಂದ ಈವರೆಗೆ ಸಾದಾ ಸ್ಕೇಲ್‌ನಲ್ಲಿ ತೆರೆಯಿರಿ. 1987ರ ಅಕ್ಟೋಬರ್ 19 ಎಲ್ಲಿದೆ ಅಂತ ಹುಡುಕಿ. ಕಾಣುವುದೇ ಇಲ್ಲ, ನೆಲದ ಮೇಲಿನ ಒಂದು ಸಣ್ಣ ಗೀಚು. ಅವತ್ತು ಒಂದೇ ದಿನ 508 ಅಂಕ ಬಿತ್ತು, ಅಂದರೆ ಶೇಕಡಾ 22.6. 2020ರ ಮಾರ್ಚ್ 16ರಂದು 2,997 ಅಂಕ ಬಿತ್ತು, ಅದು ಶೇಕಡಾ 12.9. ಸಾದಾ ಸ್ಕೇಲ್‌ನಲ್ಲಿ ಎರಡನೆಯದು ಮೊದಲನೆಯದರ ಆರು ಪಟ್ಟು ದೊಡ್ಡದಾಗಿ ಕಾಣುತ್ತದೆ. ದುಡ್ಡು ಹಾಕಿದವರ ಮನೆಯಲ್ಲಿ ಅವತ್ತು ಆದದ್ದು ಅದಕ್ಕೆ ತಿರುಗುಮುರುಗು. ಲಾಗ್‌ಗೆ ಬದಲಾಯಿಸಿ ನೋಡಿ, 1987 ಎದ್ದು ನಿಲ್ಲುತ್ತದೆ.

ಇಲ್ಲಿಯವರೆಗೆ ಬಹಳ ಜನರಿಗೆ ಗೊತ್ತು. ಮುಂದಿನದು ಗೊತ್ತಿಲ್ಲದೆ ನಾನು ಕೈ ಸುಟ್ಟುಕೊಂಡೆ. ಲಾಗ್ ಸ್ಕೇಲ್‌ನಲ್ಲಿ ನೇರವಾಗಿ ಎಳೆದ ಟ್ರೆಂಡ್‌ಲೈನ್ ಸಾದಾ ಸ್ಕೇಲ್‌ನಲ್ಲಿ ನೇರ ಇರುವುದಿಲ್ಲ, ಬಾಗುತ್ತದೆ. ಮೊದಲ ಕ್ಯಾಂಡಲ್‌ನಲ್ಲಿ 100, ಅಲ್ಲಿಂದ ಹತ್ತನೆಯದರಲ್ಲಿ 200, ಈ ಎರಡು ಬಿಂದು ಸೇರಿಸಿ ಗೆರೆ ಎಳೆಯಿರಿ. ನಡುವಿನ ಐದನೆಯದರಲ್ಲಿ ಸಾದಾ ಸ್ಕೇಲ್‌ನ ಗೆರೆ 150ರಲ್ಲಿ ಇರುತ್ತದೆ, ಲಾಗ್‌ನದು ಸುಮಾರು 141ರಲ್ಲಿ. ಇಪ್ಪತ್ತನೆಯದಕ್ಕೆ ಬಂದರೆ ಒಂದು 300, ಇನ್ನೊಂದು 400. ನಾನು ಲಾಗ್‌ನಲ್ಲಿ ಗೆರೆ ಎಳೆದು ಅದರ ಮೇಲೆ ಅಲರ್ಟ್ ಇಟ್ಟಿದ್ದೆ. ಅಲರ್ಟ್ ಲೆಕ್ಕ ಹಾಕುವ ಭಾಗಕ್ಕೆ ಲಾಗ್ ಅನ್ನುವುದೇ ಗೊತ್ತಿರಲಿಲ್ಲ, ಸಾದಾ ಲೆಕ್ಕ ಹಾಕಿತು. ನನ್ನ ಕಣ್ಣೆದುರೇ ಬೆಲೆ ಗೆರೆಯನ್ನು ಮುರಿದು ಕೆಳಗೆ ಹೋಗಿದೆ, ಅಲರ್ಟ್ ಹೊಡೆದದ್ದು ಬೇರೆ ಯಾವುದೋ ಬೆಲೆಗೆ, ಬೇರೆ ಯಾವುದೋ ದಿನ. ಬರೆದು ಕೇಳಿದರೆ "ಅದು ಹಾಗೇ ಕೆಲಸ ಮಾಡುವುದು" ಅಂತ ಉತ್ತರ ಬಂತು. ತುಂಬ ನೋವಾಯಿತು.

ಬೇಡಿಕೆ: ಅಲರ್ಟ್ ಇಡುವಾಗಲೇ "ನಾಳೆ ಈ ಗೆರೆ ಇಷ್ಟು ಬೆಲೆಯಲ್ಲಿ ಇರುತ್ತದೆ" ಅಂತ ಅಂಕಿ ತೋರಿಸಲಿ. ತಪ್ಪಿದ್ದರೆ ಅಲ್ಲೇ ಗೊತ್ತಾಗುತ್ತದೆ. ಮತ್ತೆ, ಲಾಗ್ ಸ್ಕೇಲ್ ತಾನಾಗಿಯೇ ಆನ್ ಇರಲಿ.

ಐದು ನಿಮಿಷ

ಕೊನೆಯದಕ್ಕೆ ನನ್ನ ವಿರೋಧ ಇದೆ. ಐದು ನಿಮಿಷದ ಚಾರ್ಟ್‌ನಲ್ಲಿ ಲಾಗ್ ಬೇಡ. ಬೆಲೆ ಇಡೀ ದಿನ ಶೇಕಡಾ 2 ಓಡಾಡಿದರೆ ಎರಡು ಸ್ಕೇಲೂ ಒಂದೇ ಥರ ಕಾಣುತ್ತವೆ. ನಾನು ಸ್ಟಾಪ್ (ನಷ್ಟ ತಡೆಯಲು ಹೊರಬರುವ ಬೆಲೆ) ಇಡುವುದು ಅಂಕದ ಲೆಕ್ಕದಲ್ಲಿ. ಸಮ ಅಂತರದ ಗೆರೆಗಳು ಸಮ ಅಂತರದಲ್ಲೇ ಕಾಣಬೇಕು. ಟೈಮ್‌ಫ್ರೇಮ್‌ಗೆ ತಕ್ಕ ಹಾಗೆ ನೆನಪಿಟ್ಟುಕೊಳ್ಳಲಿ. ವಾರಕ್ಕೆ ಲಾಗ್, ನಿಮಿಷಕ್ಕೆ ಸಾದಾ.

ಈಗ ನನ್ನ ಉಪಾಯ. ಅಮೆರಿಕದ ಶೇರು ನೋಡುವವರಿಗೆ ಇದು ನಿಜಕ್ಕೂ ಉಪಯೋಗ. ಅಲ್ಲಿನ ಮಾಮೂಲಿ ವಹಿವಾಟು ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ, ಒಟ್ಟು 390 ನಿಮಿಷ. ಒಂದು ಗಂಟೆಯ ಕ್ಯಾಂಡಲ್ ಹಾಕಿದರೆ ಆರು ಪೂರ್ತಿ ಬರುತ್ತವೆ, ಕೊನೆಗೆ ಅರ್ಧ ಗಂಟೆಯ ಒಂದು ಮೊಂಡು ಕ್ಯಾಂಡಲ್. ನಾಲ್ಕು ಗಂಟೆಯದು ಹಾಕಿದರೆ ಇನ್ನೂ ಕಷ್ಟ. ಒಂದು ನಾಲ್ಕು ಗಂಟೆಯದು, ಇನ್ನೊಂದು ಎರಡೂವರೆ ಗಂಟೆಯದು. ಎರಡರ ವಾಲ್ಯೂಮ್ (ಎಷ್ಟು ಶೇರು ಕೈ ಬದಲಾದವು ಅನ್ನುವುದು) ಪಕ್ಕಪಕ್ಕ ಇಟ್ಟು ಹೋಲಿಸಿದರೆ ಅರ್ಥವೇ ಇಲ್ಲ. ಅದರ ಬದಲು 195 ನಿಮಿಷ ಹಾಕಿ. ದಿನಕ್ಕೆ ಸರಿಯಾಗಿ ಎರಡು ಕ್ಯಾಂಡಲ್, 12.45ಕ್ಕೆ ಮೊದಲನೆಯದು ಮುಗಿಯುತ್ತದೆ. 130 ಹಾಕಿದರೆ ಮೂರು, 78 ಹಾಕಿದರೆ ಐದು, 39 ಹಾಕಿದರೆ ಹತ್ತು. ಎಲ್ಲ ಸಮ ಪಾಲು. ನಾನು 130 ಹಾಕಿಕೊಂಡ ಮೇಲೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರೂ ಕಣ್ಣಿಗೆ ಬೇರೆ ಬೇರೆಯಾಗಿ ಕಾಣತೊಡಗಿದವು. ಥ್ಯಾಂಕ್ಸ್‌ಗಿವಿಂಗ್ ಮರುದಿನದಂಥ ಅರ್ಧ ದಿನಗಳಲ್ಲಿ ಮಾತ್ರ ಮಧ್ಯಾಹ್ನ 1ಕ್ಕೆ ಮುಗಿಯುತ್ತದೆ, ಅವತ್ತು ಈ ಲೆಕ್ಕ ಕೂಡುವುದಿಲ್ಲ. ಆ ದಿನಗಳಿಗೆ ಚಾರ್ಟ್ ಮೇಲೆ ಒಂದು ಗುರುತು ಹಾಕಿ ಅಂತ ಬೇಡಿಕೆಯಲ್ಲಿ ಸೇರಿಸಿ.

ಸಮಯದ ವಿಷಯವನ್ನೂ ಬರೆಯಿರಿ. ಅಮೆರಿಕದಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ, ನವೆಂಬರ್‌ನ ಮೊದಲ ಭಾನುವಾರ ಹಿಂದೆ ಬರುತ್ತದೆ. ಯುರೋಪಿನಲ್ಲಿ ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ. ನಡುವಿನ ಆ ವಾರಗಳಲ್ಲಿ ಎರಡರ ಅಂತರವೇ ಬದಲಾಗಿರುತ್ತದೆ. ಗಡಿಯಾರ ಬದಲಿಸದ ದೇಶದಲ್ಲಿ ಕೂತು ನೋಡುವವರ ಅಲರ್ಟ್ ಒಂದು ಗಂಟೆ ಆಚೀಚೆ ಆಗುತ್ತದೆ. ಅಲರ್ಟ್ ಸಮಯ ಆಯಾ ಮಾರುಕಟ್ಟೆಯ ಸಮಯದಲ್ಲೇ ಉಳಿಯಲಿ. ಚಾರ್ಟ್‌ನ ಮೂಲೆಯಲ್ಲಿ ಯಾವ ಊರಿನ ಸಮಯ ಅಂತ ಯಾವಾಗಲೂ ಕಾಣಲಿ.

ವಾರದ ಚಾರ್ಟ್

ಟೈಮ್‌ಫ್ರೇಮ್‌ಗೆ ತಕ್ಕ ಸ್ಕೇಲ್ ಅನ್ನುವುದು ಸರಿ. ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಎರಡು ಬಣ್ಣ

ಬಣ್ಣದ ವಿಷಯ ಯಾರೂ ಎತ್ತಲಿಲ್ಲ, ಹಾಗಾಗಿ ನಾನು ಬರೆಯುತ್ತಿದ್ದೇನೆ. ನನಗೆ ಕೆಂಪು ಮತ್ತು ಹಸಿರು ಬೇರೆ ಮಾಡುವುದು ಹುಟ್ಟಿನಿಂದಲೇ ಕಷ್ಟ. ಗಂಡಸರಲ್ಲಿ ಸುಮಾರು 12ರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ, ಹೆಂಗಸರಲ್ಲಿ ಸುಮಾರು 200ರಲ್ಲಿ ಒಬ್ಬರಿಗೆ. ಅಂದರೆ ಇಲ್ಲಿ ಓದುತ್ತಿರುವವರಲ್ಲೂ ಕೆಲವರು ಇದ್ದೇ ಇರುತ್ತೀರಿ. ಹೊಸ ಸಾಫ್ಟ್‌ವೇರ್ ತೆರೆದಾಗ ನನಗೆ ಕಾಣುವುದು ಕಂದು ಬಣ್ಣದ ಕಡ್ಡಿಗಳ ಸಾಲು. ಏರಿದ್ದು ಯಾವುದು, ಇಳಿದದ್ದು ಯಾವುದು ಅಂತ ಒಂದೊಂದರ ಮೇಲೂ ಮೌಸ್ ಇಟ್ಟು ನೋಡಬೇಕು.

ನಾನು ಮಾಡಿಕೊಂಡಿರುವುದು ಹೀಗೆ. ಏರಿಕೆಗೆ ನೀಲಿ, ಇಳಿಕೆಗೆ ಕಿತ್ತಳೆ. ಜೊತೆಗೆ ಟೊಳ್ಳು ಕ್ಯಾಂಡಲ್. ಟೊಳ್ಳು ಕ್ಯಾಂಡಲ್ ಬರೀ ನನ್ನಂಥವರಿಗಲ್ಲ, ಎಲ್ಲರಿಗೂ ಒಳ್ಳೆಯದು, ಯಾಕೆಂದರೆ ಅದು ಎರಡು ವಿಷಯ ಹೇಳುತ್ತದೆ. ದಿನದ ಶುರುವಿಗಿಂತ ಮೇಲೆ ಮುಗಿದರೆ ಒಳಗೆ ಖಾಲಿ, ಕೆಳಗೆ ಮುಗಿದರೆ ತುಂಬಿರುತ್ತದೆ. ಬಣ್ಣ ಹೇಳುವುದು ಬೇರೆ, ನಿನ್ನೆ ಮುಗಿದ ಬೆಲೆಗಿಂತ ಮೇಲೋ ಕೆಳಗೋ ಅಂತ. ನಿನ್ನೆ 100ಕ್ಕೆ ಮುಗಿದ ಶೇರು ಇವತ್ತು 108ಕ್ಕೆ ತೆರೆದು 104ಕ್ಕೆ ಮುಗಿಯಿತು ಅಂದುಕೊಳ್ಳಿ. ಬಣ್ಣ ಏರಿಕೆಯದು, ಒಳಗೆ ಮಾತ್ರ ತುಂಬಿದೆ. ಮೇಲೆ ತೆರೆದು ದಿನವಿಡೀ ಮಾರಿದ್ದಾರೆ ಅನ್ನುವುದು ಒಂದೇ ನೋಟಕ್ಕೆ ಸಿಗುತ್ತದೆ. ಮಾಮೂಲಿ ಕ್ಯಾಂಡಲ್‌ನಲ್ಲಿ ಅದು ಬರೀ ಇಳಿಕೆಯ ಬಣ್ಣ.

ಇನ್ನೊಂದು. ಚೀನಾ, ಜಪಾನ್, ತೈವಾನ್‌ಗಳಲ್ಲಿ ಕೆಂಪು ಅಂದರೆ ಏರಿಕೆ. ಅಲ್ಲಿಯವರು ಹಂಚಿಕೊಂಡ ಚಾರ್ಟ್ ಚಿತ್ರ ನೋಡುವಾಗ ಹುಷಾರು.

ಬೇಡಿಕೆ ಏನೆಂದರೆ, ಬಣ್ಣ ಬದಲಿಸಿದರೆ ಎಲ್ಲ ಕಡೆ ಬದಲಾಗಲಿ. ಈಗ ಕ್ಯಾಂಡಲ್ ಮಾತ್ರ ನೀಲಿಯಾಗುತ್ತದೆ. ಮ್ಯಾಕ್‌ಡಿ ಅನ್ನುವ ಇಂಡಿಕೇಟರ್‌ನ ಕೆಳಗಿನ ಕಡ್ಡಿಗಳು, ವಾಲ್ಯೂಮ್, ಪಟ್ಟಿಯಲ್ಲಿನ ಅಂಕಿಗಳು ಎಲ್ಲ ಮತ್ತೆ ಅದೇ ಕೆಂಪು ಹಸಿರು.

ಗೆರೆಗಾರ

ಇಷ್ಟು ವರ್ಷ ಚಾರ್ಟ್ ನೋಡಿದರೂ ಇದು ನನ್ನ ತಲೆಗೆ ಬಂದಿರಲಿಲ್ಲ. ಪಟ್ಟಿಯಲ್ಲಿ ಎರಡನೆಯದಾಗಿ ಹಾಕುತ್ತೇನೆ.

ಹೊಸ ಮೊಗ್ಗು

ಇನ್ನೊಂದು ಕೇಳಬಹುದಾ? ಒಂದು ಇಂಡಿಕೇಟರ್ ಸಿಕ್ಕಿದೆ. ತಳದಲ್ಲಿ ಸರಿಯಾಗಿ ಕೊಳ್ಳುವ ಬಾಣ, ತುದಿಯಲ್ಲಿ ಸರಿಯಾಗಿ ಮಾರುವ ಬಾಣ. ಎರಡು ವರ್ಷ ಹಿಂದೆ ಹೋಗಿ ನೋಡಿದೆ, ಒಂದೂ ತಪ್ಪಿಲ್ಲ. ಬಳಸಬಹುದಾ?

ಕೋಡ್‌ಮನೆ

ದಯವಿಟ್ಟು ತಡೆಯಿರಿ. ದುಡ್ಡು ಹಾಕುವ ಮೊದಲು ಇದನ್ನು ಓದಿ.

ಒಂದು ತುದಿ ತುದಿಯೇ ಅಂತ ಗೊತ್ತಾಗುವುದು ಆಮೇಲೆ. ಎಡಕ್ಕೆ ಐದು, ಬಲಕ್ಕೆ ಐದು ಕ್ಯಾಂಡಲ್‌ಗಳಿಗಿಂತ ಎತ್ತರ ಇದ್ದರೆ ತುದಿ ಅಂತ ನಿಯಮ ಇಟ್ಟುಕೊಂಡರೆ, ಬಲಗಡೆಯ ಐದು ಕ್ಯಾಂಡಲ್ ಮುಗಿಯುವವರೆಗೆ ಅದು ಯಾರಿಗೂ ಗೊತ್ತಿಲ್ಲ. ಆದರೆ ಬಾಣವನ್ನು ಐದು ಕ್ಯಾಂಡಲ್ ಹಿಂದಕ್ಕೆ ಹೋಗಿ ತುದಿಯ ಮೇಲೆಯೇ ಹಾಕುತ್ತಾರೆ. ಹಿಂದಿರುಗಿ ನೋಡುವವರಿಗೆ ಅವತ್ತೇ ಹೇಳಿದ ಹಾಗೆ ಕಾಣುತ್ತದೆ. ತುದಿ ತಳಗಳನ್ನು ಗೆರೆಯಿಂದ ಸೇರಿಸುವ ಜಿಗ್‌ಜ್ಯಾಗ್ ಇಂಡಿಕೇಟರ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಕೊನೆಯ ಕಾಲು ಬೆಲೆ ಹೋದ ಹಾಗೆಲ್ಲ ಜಾಗ ಬದಲಿಸುತ್ತದೆ, ಹಳೆಯ ಬಾಣ ಅಳಿಸಿಹೋಗುತ್ತದೆ. ಇದನ್ನೇ ರೀಪೇಂಟ್ ಅನ್ನುವುದು.

ವಾರದ ಇಂಡಿಕೇಟರನ್ನು ದಿನದ ಚಾರ್ಟ್ ಮೇಲೆ ಹಾಕಿದಾಗಲೂ ಇದು ನುಸುಳಬಹುದು. ಹಳೆಯ ಬುಧವಾರದ ಕ್ಯಾಂಡಲ್ ಮೇಲೆ ಆ ವಾರದ ಶುಕ್ರವಾರದ ಬೆಲೆಯಿಂದ ಬಂದ ಅಂಕಿ ಕೂತಿರುತ್ತದೆ. ಬುಧವಾರ ಕೂತವರಿಗೆ ಶುಕ್ರವಾರ ಗೊತ್ತಿರಲು ಸಾಧ್ಯವೇ?

ಹೈಕಿನ್ ಆಶಿ, ಅಂದರೆ ಸರಾಸರಿ ಬೆಲೆಯಿಂದ ಎಳೆಯುವ ಕ್ಯಾಂಡಲ್, ಬೇರೆ ಥರದ ತೊಡಕು. ಅದು ರೀಪೇಂಟ್ ಅಲ್ಲ, ಆದರೆ ಅಲ್ಲಿ ಕಾಣುವುದು ನಿಜವಾದ ಬೆಲೆ ಅಲ್ಲ. ಶುರು 100, ಮೇಲೆ 110, ಕೆಳಗೆ 98, ಕೊನೆ 108 ಇದ್ದ ದಿನಕ್ಕೆ ಅದು ನಾಲ್ಕನ್ನೂ ಕೂಡಿ ಭಾಗಿಸಿ 104 ಅಂತ ತೋರಿಸುತ್ತದೆ. ಬ್ಯಾಕ್‌ಟೆಸ್ಟ್ (ಹಳೆಯ ಬೆಲೆಗಳ ಮೇಲೆ ಮಾಡುವ ಪರೀಕ್ಷೆ) ನಿಮಗೆ 104ಕ್ಕೆ ಕೊಂಡ ಲೆಕ್ಕ ಕೊಡುತ್ತದೆ. ದಿನದ ಕೊನೆಗೆ ಮಾರುಕಟ್ಟೆಯಲ್ಲಿ ನೀವು ಕೊಟ್ಟಿರುತ್ತಿದ್ದದ್ದು 108. ನೋಡಲು ಹೈಕಿನ್ ಆಶಿ ಚೆನ್ನ, ಲೆಕ್ಕಕ್ಕೆ ಮಾಮೂಲಿ ಕ್ಯಾಂಡಲ್ ಇಟ್ಟುಕೊಳ್ಳಿ.

ಪರೀಕ್ಷೆ ಸುಲಭ. ಹಳೆಯ ಚಾರ್ಟನ್ನು ಮತ್ತೆ ಓಡಿಸುವ ರೀಪ್ಲೇ ಹಾಕಿ, ಒಂದೊಂದೇ ಕ್ಯಾಂಡಲ್ ಮುಂದೆ ಹೋಗಿ. ಬಾಣ ಬಂದ ತಕ್ಷಣ ತಾರೀಖು ಬರೆದುಕೊಳ್ಳಿ. ಕೊನೆಗೆ ಪೂರ್ತಿ ಚಾರ್ಟ್ ಪಕ್ಕ ಇಟ್ಟು ನೋಡಿ. ರೀಪ್ಲೇ ಇಲ್ಲದಿದ್ದರೆ ದಿನಾ ಸಂಜೆ ಒಂದು ಸ್ಕ್ರೀನ್‌ಶಾಟ್ ತೆಗೆದಿಡಿ, ಎರಡು ವಾರ ಸಾಕು.

ಬೇಡಿಕೆ: ಬಾಣ ಎಲ್ಲಿ ಹಾಕಿದ್ದು ಅನ್ನುವುದರ ಜೊತೆ ಯಾವಾಗ ಗೊತ್ತಾದದ್ದು ಅಂತಲೂ ತೋರಿಸಲಿ. ತುದಿಯಿಂದ ಐದು ಕ್ಯಾಂಡಲ್ ಬಲಕ್ಕೆ ಒಂದು ತೆಳು ಚುಕ್ಕಿ ಹಾಕಿದರೂ ಸಾಕು, ಎಷ್ಟೋ ಜನರ ದುಡ್ಡು ಉಳಿಯುತ್ತದೆ.

ಸಂಜೆನೋಟ

ರೀಪ್ಲೇ ಬಗ್ಗೆ ನನ್ನದೂ ಒಂದು. ಶೇರಿನ ಹೆಸರು ಮತ್ತು ತಾರೀಖು ಮುಚ್ಚಿಡುವ ಆಯ್ಕೆ ಬೇಕು. 2020ರ ಮಾರ್ಚ್ ಅಂತ ಕಂಡ ತಕ್ಷಣ ಕೈ ತಾನಾಗಿ ಮಾರುತ್ತದೆ, ಅದು ಅಭ್ಯಾಸ ಆಗುವುದಿಲ್ಲ. ಸದ್ಯಕ್ಕೆ ನಾನು ಪರದೆಯ ಕೆಳ ಅಂಚಿಗೂ ಮೇಲಿನ ಎಡ ಮೂಲೆಗೂ ಕಾಗದ ಅಂಟಿಸಿಕೊಂಡು ಕೂರುತ್ತೇನೆ. ಚಾರ್ಟ್ ಆರಿಸುವ ಕೆಲಸ ನನ್ನ ಮಗಳದು.

ಇನ್ನೊಂದು ಚಿಕ್ಕದು. ಚಾರ್ಟ್ ಚಿತ್ರ ಉಳಿಸುವಾಗ ಫೈಲ್ ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಬರೆಯಿರಿ. ಫೋಲ್ಡರ್‌ನಲ್ಲಿ ತಾನಾಗಿಯೇ ಸಾಲಾಗಿ ಕೂರುತ್ತವೆ. ಬೆಲೆಗಳ ಪಟ್ಟಿಯನ್ನು ಸಿಎಸ್‌ವಿ ಫೈಲ್ ಆಗಿ ಕೊಡುವಾಗ ಸಾಫ್ಟ್‌ವೇರ್‌ನವರೂ ಹಾಗೇ ಕೊಡಲಿ. 03/04 ಅಂದರೆ ಏಪ್ರಿಲ್ 3ಓ ಮಾರ್ಚ್ 4ಓ ಅಂತ ಪ್ರತಿ ಸಲ ತಲೆ ಕೆಡಿಸಿಕೊಳ್ಳಬೇಕಾಗಿದೆ.

ಗೆರೆಗಾರ ಅವರೇ, ನಿಮಗೆ ಒಂದು ಪ್ರಶ್ನೆ. ಸ್ಪ್ಲಿಟ್ ಇಲ್ಲದೆಯೂ ನನ್ನ ಹಳೆಯ ಗೆರೆಗಳು ಸ್ವಲ್ಪ ಸ್ವಲ್ಪ ಜರುಗಿದ ಹಾಗೆ ಕಾಣುತ್ತವೆ. ಯಾಕೆ?

ಗೆರೆಗಾರ

ಮೇಡಂ, ಜರುಗಿರುವುದು ಗೆರೆ ಅಲ್ಲ, ಬೆಲೆ. ನಿಮ್ಮ ಚಾರ್ಟ್‌ನಲ್ಲಿ ಡಿವಿಡೆಂಡ್ ಹೊಂದಾಣಿಕೆ ಆನ್ ಇರಬೇಕು. 100ರ ಶೇರು 2 ಡಿವಿಡೆಂಡ್ ಕೊಟ್ಟರೆ ಹಿಂದಿನ ಬೆಲೆಗಳನ್ನೆಲ್ಲ 0.98ರಿಂದ ಗುಣಿಸುತ್ತಾರೆ. ಹಿಂದೆ 50ಕ್ಕೆ ತಿರುಗಿದ್ದ ಜಾಗ ಈಗ 49ರಲ್ಲಿ ಕಾಣುತ್ತದೆ, ನಿಮ್ಮ ಗೆರೆ 50ರಲ್ಲೇ ಉಳಿದಿದೆ. ಪ್ರತಿ ಡಿವಿಡೆಂಡ್‌ಗೂ ಇಷ್ಟಿಷ್ಟೇ ದೂರ. ಗೆರೆ ಎಳೆಯುವ ಚಾರ್ಟ್‌ನಲ್ಲಿ ಸ್ಪ್ಲಿಟ್ ಹೊಂದಾಣಿಕೆ ಮಾತ್ರ ಇಡಿ. ಹತ್ತು ವರ್ಷದಲ್ಲಿ ಎರಡು ಶೇರು ಎಷ್ಟೆಷ್ಟು ಕೊಟ್ಟವು ಅಂತ ಹೋಲಿಸುವಾಗ ಡಿವಿಡೆಂಡ್ ಆನ್ ಮಾಡಿ. ನಾನು ಎರಡಕ್ಕೂ ಬೇರೆ ಬೇರೆ ಟೆಂಪ್ಲೇಟ್ ಇಟ್ಟುಕೊಂಡಿದ್ದೇನೆ, ಹಿನ್ನೆಲೆಯ ಬಣ್ಣವೂ ಬೇರೆ, ಅದಲು ಬದಲು ಆಗದ ಹಾಗೆ.

ಸಂಜೆನೋಟ

ಆಫ್ ಮಾಡಿದೆ. ಎಲ್ಲ ಗೆರೆಗಳೂ ಸರಿಯಾಗಿ ಬಂದು ಕೂತವು! ಒಂದು ವರ್ಷದಿಂದ ನಾನೇ ಸರಿಯಾಗಿ ಎಳೆದಿಲ್ಲ ಅಂದುಕೊಂಡಿದ್ದೆ.

ಹೊಸ ಮೊಗ್ಗು

ಎರಡೂ ನೋಡಿದೆ. ಆರ್‌ಎಸ್‌ಐ: ಎರಡನೆಯ ಸಾಫ್ಟ್‌ವೇರ್‌ನಲ್ಲಿ ಸ್ಮೂತಿಂಗ್ ಅಂತ ಇದ್ದ ಕಡೆ ಮಾಮೂಲಿ ಇಎಂಎ ಇತ್ತು. ವೈಲ್ಡರ್‌ಗೆ ಬದಲಿಸಿ, ಒಂದು ವರ್ಷ ಹಿಂದಕ್ಕೆ ಎಳೆದೆ. ಎರಡರಲ್ಲೂ 61.

ಬಾಣದ ಇಂಡಿಕೇಟರನ್ನು ರೀಪ್ಲೇಯಲ್ಲಿ ಮೂರು ತಿಂಗಳು ಓಡಿಸಿದೆ. ಬಂದದ್ದು 17 ಬಾಣ. ಕೊನೆಗೆ ಚಾರ್ಟ್ ಮೇಲೆ ಉಳಿದದ್ದು 6. ಉಳಿದ 11 ಯಾವಾಗ ಅಳಿಸಿಹೋದವು ಅಂತ ನನಗೆ ಗೊತ್ತೇ ಆಗಲಿಲ್ಲ, ತಾರೀಖು ಬರೆದಿಟ್ಟದ್ದರಿಂದ ಸಿಕ್ಕಿಬಿತ್ತು. ತೆಗೆದುಹಾಕಿದೆ.

ಗೆರೆಗಾರ

ಪತ್ರ ಹೀಗೆ ಹೋಗುತ್ತದೆ. ಮೊದಲು ಇಂಡಿಕೇಟರ್ ಮತ್ತು ಬೆಲೆಯ ಲೆಕ್ಕ ತೋರಿಸುವುದು, ಅದರಲ್ಲೇ ರೀಪೇಂಟ್ ಚುಕ್ಕಿ. ಆಮೇಲೆ ಬಣ್ಣ. ಆಮೇಲೆ ಕೇಳಿ ಗೆರೆ ಸರಿಸುವುದು, ಅಲರ್ಟ್‌ನ ನಾಳೆಯ ಬೆಲೆ, ಟೈಮ್‌ಫ್ರೇಮ್‌ಗೆ ತಕ್ಕ ಸ್ಕೇಲ್, ಮಾರುಕಟ್ಟೆಯ ಸಮಯ ಮತ್ತು ಅರ್ಧ ದಿನದ ಗುರುತು, ಹೆಸರು ಮುಚ್ಚಿದ ರೀಪ್ಲೇ, ಸಿಎಸ್‌ವಿ ತಾರೀಖು. ನಾಳೆ ರಾತ್ರಿ ಕಳಿಸುತ್ತೇನೆ. ಬಿಟ್ಟುಹೋದದ್ದು ಇದ್ದರೆ ಅಷ್ಟರೊಳಗೆ ಬರೆಯಿರಿ.

ಎರಡು ಬಣ್ಣ

ಗೆರೆ ಅಳಿಸಿದ ಮೇಲೆ ವಾಪಸ್ ತರುವ ಬಟನ್. ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದ ಮೇಲೂ ಅದು ಕೆಲಸ ಮಾಡಬೇಕು.

ಗೆರೆಗಾರ

ಸೇರಿಸಿದೆ.